ಹಳೆಯ ಮೋಟಾರ್ ಸೈಕಲ್ ಕೊಳ್ಳುವ ಮುನ್ನ



ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳಲು ಹೋದ ರೈತನು ಅದರ ಮೈಬಣ್ಣಕ್ಕೆ ಮರುಳಾಗುವುದಿಲ್ಲ. ಬಾಯಿ ತೆರೆಸಿ ಹಲ್ಲು ನೋಡಿ ವಯಸ್ಸನ್ನು ಅರಿಯುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲು ಪರೀಕ್ಷಿಸುತ್ತಾನೆ, ಮಾರುವವನು ಯಾವ ಊರಿನವನು, ಎತ್ತು ಅವನದೇ ಹೌದೋ ಅಲ್ಲವೋ ಎಂದು ಅಕ್ಕಪಕ್ಕದವರನ್ನು ವಿಚಾರಿಸುತ್ತಾನೆ. ಅದೇ ರೈತನ ಮಗ ಉದ್ಯೋಗವನ್ನರಸಿ ಪುಣೆಗೋ ಹೈದರಾಬಾದಿಗೋ ಬಂದು, ಕೂಡಿಟ್ಟ ಹಣದಲ್ಲಿ ಹಳೆಯ ಮೋಟಾರ್ ಸೈಕಲ್ ಕೊಳ್ಳುವಾಗ ತಂದೆಯ ಈ ವಿವೇಕವನ್ನು ಮರೆಯುವುದುಂಟು. ಹೊಳೆಯುವ ಟ್ಯಾಂಕು, ಗುಂಡಿ ಒತ್ತಿದೊಡನೆ ಚಾಲೂ ಆಗುವ ಎಂಜಿನ್ನು, ಕಡಿಮೆ ಬೆಲೆ, ಇಷ್ಟಕ್ಕೇ ವ್ಯಾಪಾರ ಮುಗಿದುಹೋಗುತ್ತದೆ.

ಹಳೆಯ ವಾಹನವನ್ನು ಕೊಳ್ಳುವುದು ತಪ್ಪಲ್ಲ. ಚೆನ್ನಾಗಿ ನೋಡಿಕೊಂಡ ಮೋಟಾರ್ ಸೈಕಲ್ ಹತ್ತು ವರ್ಷ ಕಳೆದ ಮೇಲೂ ನಂಬಿಕೆಯಿಂದ ಓಡಬಲ್ಲದು. ಆದರೆ ಕೊಳ್ಳುವವನಿಗೆ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯಬೇಕು. ಈ ವಾಹನ ಯಾವುದು, ಯಾರದು? ತಯಾರಕರು ಇದರಲ್ಲಿ ದೋಷವನ್ನು ಕಂಡು ಹಿಂದಕ್ಕೆ ಕರೆಸಿದ್ದರೇ? ಇದರ ಯಂತ್ರ ಇನ್ನೆಷ್ಟು ಕಾಲ ಬಾಳೀತು? ಸಾಮಾನ್ಯವಾಗಿ ಜನರು ಮೂರನೆಯ ಪ್ರಶ್ನೆಯನ್ನು ಮಾತ್ರ ಕೇಳುತ್ತಾರೆ. ಯಂತ್ರ ಕೆಟ್ಟರೆ ಒಂದಿಷ್ಟು ಹಣ ಕೊಟ್ಟು ಸರಿಪಡಿಸಬಹುದು. ವಾಹನವೇ ಕಳವಿನದಾದರೆ ಕೊಟ್ಟ ಹಣವೆಲ್ಲ ಹೋದಂತೆಯೇ. ತನ್ನದಲ್ಲದ ವಸ್ತುವನ್ನು ಮಾರಿದವನಿಂದ ಕೊಂಡವನಿಗೆ ಅದರ ಒಡೆತನ ಬರುವುದಿಲ್ಲ ಎಂಬುದು 1930ರ ಸರಕು ಮಾರಾಟ ಅಧಿನಿಯಮದ ಸಾಮಾನ್ಯ ನಿಯಮ. ಕೊಂಡವನು ಎಷ್ಟೇ ಪ್ರಾಮಾಣಿಕನಾಗಿರಲಿ, ವಾಹನ ಅದರ ನಿಜವಾದ ಒಡೆಯನಿಗೆ ಸೇರುತ್ತದೆ. ಆದುದರಿಂದ ಮೊದಲನೆಯ ಪ್ರಶ್ನೆಯಿಂದಲೇ ಪರಿಶೀಲನೆ ಆರಂಭವಾಗಬೇಕು.

ಎತ್ತಿಗೆ ಹಲ್ಲು ಹೇಗೋ ಮೋಟಾರ್ ಸೈಕಲ್ಲಿಗೆ ಅದರ ಗುರುತಿನ ಸಂಖ್ಯೆ ಹಾಗೆ. ರೂಢಿಯಲ್ಲಿ ಇದನ್ನು ಚಾಸಿ ಸಂಖ್ಯೆ ಎನ್ನುತ್ತಾರೆ. ವಾಹನದ ಚೌಕಟ್ಟಿನ ಮೇಲೆ ಚಾಸಿ ಸಂಖ್ಯೆಯನ್ನೂ ಎಂಜಿನ್ನಿನ ಮೇಲೆ ಎಂಜಿನ್ ಸಂಖ್ಯೆಯನ್ನೂ ಕೆತ್ತಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿವೆ. ಇಂದಿನ ವಾಹನಗಳಲ್ಲಿ ಚಾಸಿ ಸಂಖ್ಯೆಯು 17 ಅಕ್ಷರ ಮತ್ತು ಅಂಕಿಗಳಿಂದ ಕೂಡಿರುತ್ತದೆ. ಹಲವು ದಶಕಗಳ ಹಿಂದಿನ ವಾಹನಗಳಲ್ಲಿ ಇದಕ್ಕಿಂತ ಚಿಕ್ಕ ಸಂಖ್ಯೆ ಇರಬಹುದು. ಇಂಗ್ಲಿಷ್ ವರ್ಣಮಾಲೆಯ ಐ, ಓ, ಕ್ಯೂ ಎಂಬ ಮೂರು ಅಕ್ಷರಗಳನ್ನು ಇದರಲ್ಲಿ ಬಳಸುವುದಿಲ್ಲ. ಏಕೆಂದರೆ ಅವು 1 ಮತ್ತು 0 ಅಂಕಿಗಳೊಡನೆ ಗೊಂದಲ ಉಂಟುಮಾಡುತ್ತವೆ. 17 ಸ್ಥಾನಗಳ ಸಂಖ್ಯೆಯಲ್ಲಿ ಈ ಅಕ್ಷರಗಳೇನಾದರೂ ಕಂಡುಬಂದರೆ, ಬರೆದವರ ಕೈತಪ್ಪೋ ಅಥವಾ ಬೇರೇನಾದರೂ ಇದೆಯೋ ಎಂದು ವಿಚಾರಿಸಲೇಬೇಕು.

ಈ ಸಂಖ್ಯೆಯ ಮೊದಲ ಮೂರು ಸ್ಥಾನಗಳು ತಯಾರಕರನ್ನು ಸೂಚಿಸುತ್ತವೆ. ಎಂ.ಬಿ.ಎಲ್. ಎಂದಿದ್ದರೆ ಹೀರೋ, ಎಂ.ಡಿ.2 ಎಂದಿದ್ದರೆ ಬಜಾಜ್, ಎಂ.ಡಿ.6 ಎಂದಿದ್ದರೆ ಟಿ.ವಿ.ಎಸ್., ಎಂ.ಇ.3 ಎಂದಿದ್ದರೆ ರಾಯಲ್ ಎನ್‌ಫೀಲ್ಡ್, ಎಂ.ಇ.4 ಎಂದಿದ್ದರೆ ಹೋಂಡಾ. ಸಾಮಾನ್ಯವಾಗಿ ಹತ್ತನೆಯ ಸ್ಥಾನವು ತಯಾರಿಕೆಯ ವರ್ಷವನ್ನು ಹೇಳುತ್ತದೆ. ಎ ಎಂದರೆ 2010, ಎಫ್ ಎಂದರೆ 2015, ಜೆ ಎಂದರೆ 2018, ಎಲ್ ಎಂದರೆ 2020, ಎನ್ ಎಂದರೆ 2022. ಮಾರುವವನು 2018ರ ಬಂಡಿ ಎಂದು ಹೇಳುವಾಗ ಹತ್ತನೆಯ ಸ್ಥಾನದಲ್ಲಿ ಎಫ್ ಇದ್ದರೆ ಮೂರು ವರ್ಷಗಳ ವ್ಯತ್ಯಾಸಕ್ಕೆ ಕಾರಣ ಕೇಳಬೇಕಾಗುತ್ತದೆ. ವರ್ಷದ ಕೊನೆಯಲ್ಲಿ ತಯಾರಾದ ವಾಹನ ಮರುವರ್ಷದ ಆರಂಭದಲ್ಲಿ ನೋಂದಣಿಯಾಗುವುದು ಸಹಜ. ಅಂತರ ಅದಕ್ಕಿಂತ ಹೆಚ್ಚಾಗಿದ್ದರೆ ಬೆಲೆಯನ್ನಾದರೂ ಮರುಪರಿಶೀಲಿಸಬೇಕು.

ಸಂಖ್ಯೆಯನ್ನು ಕಾಗದದಲ್ಲಿ ಓದಿದರೆ ಸಾಲದು, ಲೋಹದ ಮೇಲೆಯೇ ಓದಬೇಕು. ಅನೇಕ ಮೋಟಾರ್ ಸೈಕಲ್ಲುಗಳಲ್ಲಿ ಹ್ಯಾಂಡಲ್ ಕೂಡುವ ಕಡೆ, ಚೌಕಟ್ಟಿನ ಮುಂಭಾಗದ ಕೊಳವೆಯ ಪಕ್ಕದಲ್ಲಿ ಚಾಸಿ ಸಂಖ್ಯೆ ಇರುತ್ತದೆ. ಎಂಜಿನ್ ಸಂಖ್ಯೆಯು ಎಂಜಿನ್ನಿನ ಕೆಳಭಾಗದ ಕವಚದ ಮೇಲಿರುತ್ತದೆ. ಧೂಳನ್ನೂ ಎಣ್ಣೆಯನ್ನೂ ಬಟ್ಟೆಯಿಂದ ಒರೆಸಿ, ಹಗಲು ಬೆಳಕಿನಲ್ಲಿ ಒಂದೊಂದೇ ಅಕ್ಷರವನ್ನು ನೋಂದಣಿ ಪ್ರಮಾಣಪತ್ರದೊಡನೆ ಹೋಲಿಸಬೇಕು. ಆ ಜಾಗದಲ್ಲಿ ಮಾತ್ರ ಅರ ಉಜ್ಜಿದ ಗೆರೆಗಳು, ಹೊಸ ಬಣ್ಣ, ಬೆಸುಗೆಯ ಗುರುತು, ಒಂದಕ್ಕೊಂದು ಹೊಂದದ ಆಳ ಅಥವಾ ಓರೆಯಾದ ಅಕ್ಷರಗಳು ಕಂಡುಬಂದರೆ ಆ ವಾಹನವನ್ನು ಬಿಟ್ಟುಬಿಡುವುದೇ ಲೇಸು. ಸಂಖ್ಯೆಯ ಮೇಲೆ ತೆಳು ಕಾಗದವನ್ನಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವ ಪದ್ಧತಿ ಸಾರಿಗೆ ಕಚೇರಿಗಳಲ್ಲಿ ಹಿಂದಿನಿಂದಲೂ ಇದೆ. ಕೊಳ್ಳುವವನೂ ಹಾಗೆ ಅಚ್ಚು ತೆಗೆದು ನೋಡಿದರೆ ಕಣ್ಣಿಗೆ ತಪ್ಪಿದ ವ್ಯತ್ಯಾಸ ಕಾಗದದ ಮೇಲೆ ಮೂಡಬಹುದು.

ಲೋಹ ಮತ್ತು ಕಾಗದ ಒಂದನ್ನೇ ಹೇಳುತ್ತವೆಯೆಂದು ಖಚಿತವಾದ ಮೇಲೆ, ಸರ್ಕಾರದ ದಾಖಲೆಯೂ ಅದನ್ನೇ ಹೇಳುತ್ತದೆಯೇ ಎಂದು ನೋಡಬೇಕು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವಾಹನ್ ಜಾಲದಲ್ಲಿಯೂ ಎಂ-ಪರಿವಾಹನ್ ಆ್ಯಪ್‌ನಲ್ಲಿಯೂ ನೋಂದಣಿ ಸಂಖ್ಯೆಯನ್ನು ಕೊಟ್ಟು ವಾಹನದ ಮಾದರಿ, ನೋಂದಣಿಯ ದಿನಾಂಕ, ವಿಮೆಯ ಅವಧಿ ಮುಂತಾದ ವಿವರಗಳನ್ನು ತಿಳಿಯಬಹುದು. ಬಾಕಿ ಉಳಿದ ಸಂಚಾರ ದಂಡಗಳನ್ನು ಇ-ಚಲನ್ ಜಾಲದಲ್ಲಿ ನೋಡಬಹುದು. ಕಳವಾದ ವಾಹನಗಳ ಮಾಹಿತಿಯನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಇರಿಸಿಕೊಂಡಿದ್ದು, ಸಾರ್ವಜನಿಕರೂ ಅಲ್ಲಿ ವಿಚಾರಿಸಲು ಅವಕಾಶವಿದೆ. ನೋಂದಣಿ ಪ್ರಮಾಣಪತ್ರದಲ್ಲಿ ಬ್ಯಾಂಕಿನ ಅಥವಾ ಹಣಕಾಸು ಸಂಸ್ಥೆಯ ಹೆಸರಿದ್ದರೆ ಸಾಲ ತೀರಿತೆಂಬ ಬಾಯಿಮಾತನ್ನು ನಂಬಬಾರದು. ಸಂಸ್ಥೆಯ ಒಪ್ಪಿಗೆ ಪತ್ರ ಮತ್ತು ನಮೂನೆ 35ರ ಮೂಲಕ ಆ ನಮೂದನ್ನು ತೆಗೆಸಿದ ಬಳಿಕವೇ ಹಣ ಕೊಡುವುದು ಕ್ಷೇಮ. ನೋಂದಾಯಿತ ಒಡೆಯರು ತೀರಿಕೊಂಡಿದ್ದರೆ ವಾಹನವನ್ನು ಮೊದಲು ಉತ್ತರಾಧಿಕಾರಿಯ ಹೆಸರಿಗೆ ವರ್ಗಾಯಿಸಿ ಆಮೇಲೆ ಮಾರಬೇಕು.

ಇನ್ನು ಎರಡನೆಯ ಪ್ರಶ್ನೆ. ತಯಾರಿಕೆಯಲ್ಲಿಯೇ ಉಳಿದ ದೋಷವು ವಾಹನ ಮಾರಾಟವಾದ ಮೇಲೆ ಬೆಳಕಿಗೆ ಬಂದರೆ, ತಯಾರಕರು ಅಂತಹ ವಾಹನಗಳನ್ನು ಹಿಂದಕ್ಕೆ ಕರೆಸಿ ಉಚಿತವಾಗಿ ಸರಿಪಡಿಸಿಕೊಡುತ್ತಾರೆ. ಭಾರತದಲ್ಲಿ ವಾಹನ ತಯಾರಕರ ಒಕ್ಕೂಟವು 2012ರಲ್ಲಿ ಇದಕ್ಕಾಗಿ ಸ್ವಯಂಪ್ರೇರಿತ ಸಂಹಿತೆಯೊಂದನ್ನು ರೂಪಿಸಿತು. ಅನಂತರ 2019ರ ತಿದ್ದುಪಡಿಯ ಮೂಲಕ ಮೋಟಾರು ವಾಹನ ಅಧಿನಿಯಮಕ್ಕೆ 110ಎ ಪ್ರಕರಣ ಸೇರಿತು. ದೋಷಯುಕ್ತ ವಾಹನಗಳನ್ನು ಹಿಂದಕ್ಕೆ ಕರೆಸುವಂತೆ ಆದೇಶಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ದೊರೆತು, ಸಂಬಂಧಪಟ್ಟ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು.

ಇದು ಕೇವಲ ಕಾನೂನಿನ ಪುಸ್ತಕದ ಮಾತಲ್ಲ. 2021ರ ಮೇ ತಿಂಗಳಲ್ಲಿ ರಾಯಲ್ ಎನ್‌ಫೀಲ್ಡ್ ಸಂಸ್ಥೆಯು ಇಗ್ನಿಷನ್ ಕಾಯಿಲಿನ ದೋಷಕ್ಕಾಗಿ ಕ್ಲಾಸಿಕ್ 350, ಬುಲೆಟ್ 350 ಹಾಗೂ ಮೀಟಿಯಾರ್ 350 ಮಾದರಿಗಳ 2,36,966 ವಾಹನಗಳನ್ನು ಭಾರತದಲ್ಲಿಯೂ ಬೇರೆ ಕೆಲವು ದೇಶಗಳಲ್ಲಿಯೂ ಹಿಂದಕ್ಕೆ ಕರೆಸಿತು. ಅವೆಲ್ಲವೂ 2020ರ ಡಿಸೆಂಬರ್‌ನಿಂದ 2021ರ ಏಪ್ರಿಲ್‌ವರೆಗಿನ ಅವಧಿಯಲ್ಲಿ ತಯಾರಾದವು. 2024ರಲ್ಲಿ ಯಮಹಾ ಸಂಸ್ಥೆಯು ಬ್ರೇಕ್ ಲಿವರಿನ ದೋಷಕ್ಕಾಗಿ ಸುಮಾರು 3 ಲಕ್ಷ ಸ್ಕೂಟರುಗಳನ್ನು ಕರೆಸಿತು. ಇಂತಹ ಸೂಚನೆ ಸಾಮಾನ್ಯವಾಗಿ ಹೋಗುವುದು ಮೊದಲ ಖರೀದಿದಾರನ ವಿಳಾಸಕ್ಕೆ. ಎರಡನೆಯ, ಮೂರನೆಯ ಕೈಗೆ ಬಂದ ವಾಹನದ ಒಡೆಯನಿಗೆ ಅದು ತಲುಪದೆ ಹೋಗಬಹುದು. ಬ್ರೇಕಿನ ಮೇಲೆ ಕೈಯಿಟ್ಟಿರುವವನು ಮಾತ್ರ ಅವನೇ. ಆದುದರಿಂದ ಹಣ ಕೊಡುವ ಮೊದಲು ಚಾಸಿ ಸಂಖ್ಯೆಯನ್ನು ತಯಾರಕರ ಅಧಿಕೃತ ಸೇವಾಕೇಂದ್ರದಲ್ಲಿ ತೋರಿಸಿ, ಅದು ಯಾವುದಾದರೂ ಹಿಂಕರೆಗೆ ಒಳಪಟ್ಟಿತ್ತೇ, ದುರಸ್ತಿ ಪೂರ್ಣಗೊಂಡಿತೇ ಎಂದು ಕೇಳಬೇಕು. ಹಿಂದಕ್ಕೆ ಕರೆಸಲ್ಪಟ್ಟ ಬಂಡಿಯೆಲ್ಲ ಕೆಟ್ಟದ್ದೆಂದು ಭಾವಿಸುವುದು ಸರಿಯಲ್ಲ. ಕರೆಗೆ ಓಗೊಟ್ಟು ಸರಿಪಡಿಸಿಕೊಂಡ ಬಂಡಿ ಸುರಕ್ಷಿತ. ಕರೆಯನ್ನೇ ಕೇಳದ ಬಂಡಿಯಲ್ಲಿ ಅಪಾಯವಿದೆ.

ಮೂರನೆಯದು ಯಂತ್ರದ ಪರೀಕ್ಷೆ. ವಾಹನ ನೋಡಲು ಹೋದಾಗ ಎಂಜಿನ್ ತಣ್ಣಗಿರಬೇಕು. ಮಾರುವವನು ಮೊದಲೇ ಓಡಿಸಿ ಬಿಸಿ ಮಾಡಿಟ್ಟಿದ್ದರೆ ಚಾಲೂ ಆಗುವ ಕಷ್ಟ ಮರೆಯಾಗಿರುತ್ತದೆ. ಹೊಗೆ ನೀಲಿಯಾಗಿದ್ದರೆ ಎಂಜಿನ್ ಎಣ್ಣೆ ಉರಿಯುತ್ತಿದೆ. ಕಪ್ಪಾಗಿದ್ದರೆ ಪೆಟ್ರೋಲ್ ಮಿತಿಮೀರಿ ಹರಿಯುತ್ತಿದೆ. ಮುಂಚಕ್ರವನ್ನು ನೆಲದಿಂದೆತ್ತಿ ಹ್ಯಾಂಡಲನ್ನು ನಿಧಾನವಾಗಿ ತಿರುಗಿಸಿದಾಗ ನಡುವೆ ಎಲ್ಲಿಯಾದರೂ ಸಿಕ್ಕಿಕೊಂಡರೆ ಅಲ್ಲಿನ ಬೇರಿಂಗು ಸವೆದಿದೆ. ಮುಂದಿನ ಫೋರ್ಕಿನ ಮೇಲೆ ಎಣ್ಣೆ ಜಿನುಗಿದ್ದರೆ ಸೀಲು ಹೋಗಿದೆ. ಚೈನಿನ ಹಲ್ಲುಚಕ್ರದ ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ ಚೈನು ಮತ್ತು ಹಲ್ಲುಚಕ್ರಗಳೆಲ್ಲವನ್ನೂ ಬದಲಾಯಿಸುವ ಖರ್ಚು ಮುಂದಿದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. 2319 ಎಂದರೆ 2019ರ 23ನೆಯ ವಾರ. ಕಿಲೋಮೀಟರ್ ಓಟವನ್ನು ತೋರಿಸುವ ಮೀಟರನ್ನು ಹಿಂದಕ್ಕೆ ತಿರುಗಿಸಬಹುದು. ಕಾಲಿಡುವ ರಬ್ಬರು, ಬ್ರೇಕ್ ಪೆಡಲು, ಡಿಸ್ಕಿನ ಸವೆತ ಇವುಗಳನ್ನು ಹಿಂದಕ್ಕೆ ತಿರುಗಿಸಲು ಬರುವುದಿಲ್ಲ. ಮೀಟರು 12,000 ಎಂದು ಹೇಳುತ್ತಿದ್ದು ರಬ್ಬರು ಸವೆದು ನುಣುಪಾಗಿದ್ದರೆ ರಬ್ಬರಿನ ಮಾತನ್ನೇ ನಂಬುವುದು ಮೇಲು. ಪರಿಚಿತ ಮೆಕ್ಯಾನಿಕ್ಕನನ್ನು ಜೊತೆಗೆ ಕರೆದೊಯ್ದು ಅವನ ಕೂಲಿಯನ್ನು ಕೊಟ್ಟರೆ ಅದು ವ್ಯರ್ಥವಾಗುವುದಿಲ್ಲ.

ಇಷ್ಟೆಲ್ಲ ಆದರೂ ಹೆಸರು ಬದಲಾಗದೆ ವ್ಯಾಪಾರ ಮುಗಿಯುವುದಿಲ್ಲ. ಪರಸ್ಥಳದಲ್ಲಿ ನೆಲೆಸಿದ ಕನ್ನಡಿಗರಲ್ಲಿ ಎಡವುವುದು ಹೆಚ್ಚಾಗಿ ಇಲ್ಲಿಯೇ. ಕಲಬುರಗಿಯಿಂದ ಪುಣೆಗೆ ಬಂದ ಒಬ್ಬನು ಊರಿಗೆ ಮರಳುವಾಗ ತನ್ನ ಮೋಟಾರ್ ಸೈಕಲ್ಲನ್ನು ಅದೇ ಜಿಲ್ಲೆಯ ಮತ್ತೊಬ್ಬನಿಗೆ ಮಾರುತ್ತಾನೆಂದುಕೊಳ್ಳೋಣ. ಇಬ್ಬರೂ ಒಂದೇ ಕಡೆಯವರು; ಕಾಗದ ಪತ್ರ ಕೇಳುವುದು ಅಪನಂಬಿಕೆಯಾದೀತೆಂಬ ಸಂಕೋಚ. ಸಹಿ ಹಾಕಿದ ನಮೂನೆಗಳು ಪೆಟ್ಟಿಗೆಯಲ್ಲಿಯೇ ಉಳಿಯುತ್ತವೆ. ವರ್ಷದ ನಂತರ ಆ ವಾಹನದಿಂದ ಅಪಘಾತವಾಗಿ, ವಿಮೆಯೂ ಇಲ್ಲದಿದ್ದರೆ ಪರಿಹಾರ ಕೊಡಬೇಕಾದವರು ಯಾರು? ಕೈಯಿಂದ ಕೈಗೆ ಹಲವು ಬಾರಿ ಮಾರಾಟವಾಗಿಯೂ ಮೊದಲ ಒಡೆಯನ ಹೆಸರಿನಲ್ಲಿಯೇ ಉಳಿದಿದ್ದ ಕಾರೊಂದರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿಯಲ್ಲಿ ಇದಕ್ಕೆ ಉತ್ತರ ನೀಡಿದೆ: ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಒಡೆಯ, ಹೊಣೆಯೂ ಅವನದೇ. ಆ ವೇಳೆಗೆ ಮಾರಿದವನು ನೂರಾರು ಕಿಲೋಮೀಟರ್ ದೂರದ ಊರಿನಲ್ಲಿದ್ದರೂ ನೋಟೀಸು ಅವನ ಬಾಗಿಲಿಗೇ ಬರುತ್ತದೆ.

ಆದುದರಿಂದ ವರ್ಗಾವಣೆಯ ಕ್ರಮವನ್ನು ಇಬ್ಬರೂ ತಿಳಿದಿರಬೇಕು. ಮೋಟಾರು ವಾಹನ ಅಧಿನಿಯಮದ 50ನೆಯ ಪ್ರಕರಣದಂತೆ, ಅದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವನು 14 ದಿನಗಳಲ್ಲಿ, ಬೇರೆ ರಾಜ್ಯದವನಿಗೆ ಮಾರಿದರೆ 45 ದಿನಗಳಲ್ಲಿ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಕೊಂಡವನು 30 ದಿನಗಳೊಳಗೆ ತಿಳಿಸಬೇಕು. ಇದಕ್ಕೆ ನಮೂನೆ 29 ಮತ್ತು 30 ಗೊತ್ತುಮಾಡಲಾಗಿದೆ. ವಿಮಾ ಪಾಲಿಸಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವನು 14 ದಿನಗಳಲ್ಲಿ ವಿಮಾ ಸಂಸ್ಥೆಗೆ ಅರ್ಜಿ ಸಲ್ಲಿಸಬೇಕು. ಹಳೆಯ ವಾಹನಗಳ ವ್ಯಾಪಾರಿಯಿಂದ ಕೊಳ್ಳುವುದಾದರೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳಂತೆ ಆತನಲ್ಲಿ ನೋಂದಣಿ ಪ್ರಾಧಿಕಾರದ ಅಧಿಕಾರಪತ್ರ ಇದೆಯೇ ಎಂದು ನೋಡಬೇಕು.

ವಾಹನವು ರಾಜ್ಯದ ಗಡಿ ದಾಟುವುದಾದರೆ ಇನ್ನೊಂದು ಹೆಜ್ಜೆಯಿದೆ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಂಡ ವಾಹನಕ್ಕೆ ಅಲ್ಲಿನ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಇದಕ್ಕೆ ಮೂಲ ಕಚೇರಿಯಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ಬೇಕು. ಅದನ್ನು ಕೊಡುವ ಮೊದಲು ಕಳವಿನ ದೂರು ಇಲ್ಲವೆಂದು ಪೊಲೀಸರಿಂದ ವರದಿ ತರಿಸಿಕೊಳ್ಳುವುದೂ, ತೆರಿಗೆಯ ಬಾಕಿ ಇಲ್ಲವೆಂದು ನೋಡುವುದೂ ಪ್ರಾಧಿಕಾರದ ಕರ್ತವ್ಯ. ಹೀಗಾಗಿ ಈ ಪತ್ರವು ಕೊಳ್ಳುವವನ ಪಾಲಿಗೆ ಒಂದು ರಕ್ಷೆಯೂ ಹೌದು. ನೋಂದಣಿಯ ಅವಧಿ 15 ವರ್ಷ. ಆಮೇಲೆ ವಾಹನವನ್ನು ಪರೀಕ್ಷೆಗೆ ಒಪ್ಪಿಸಿ ನವೀಕರಿಸಬೇಕು. 15 ವರ್ಷ ದಾಟಿದ ಪೆಟ್ರೋಲ್ ವಾಹನಗಳ ಬಗ್ಗೆ ದೆಹಲಿ ಪ್ರದೇಶದಲ್ಲಿ 2014ರಿಂದ ವಿಶೇಷ ನಿರ್ಬಂಧಗಳಿದ್ದು, ಆದೇಶಗಳು ಕಾಲಕಾಲಕ್ಕೆ ಬದಲಾಗುತ್ತ ಬಂದಿವೆ. ಅಲ್ಲಿ ಹಳೆಯ ಬಂಡಿ ಕೊಳ್ಳುವವರು ಅಂದಿನ ಆದೇಶವನ್ನು ಸಾರಿಗೆ ಕಚೇರಿಯಲ್ಲಿ ಕೇಳಿಕೊಂಡೇ ಮುಂದುವರಿಯಬೇಕು.

ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆ ಹಳೆಯ ವಾಹನದ ವ್ಯಾಪಾರಕ್ಕೆ ಬಹಳ ಸಲ ಒಪ್ಪಿದೆ. ಅದು ಒಪ್ಪದಂತೆ ಮಾಡಲು ಬೇಕಾದದ್ದು ಒಂದು ಹಗಲಿನ ಬಿಡುವು, ಒಂದು ತುಂಡು ಬಟ್ಟೆ, ಒಂದು ಪೆನ್ಸಿಲು ಮತ್ತು ಕೇಳುವ ಧೈರ್ಯ. ಸ್ವಂತ ಊರಿನವನಿಂದ ಕೊಳ್ಳುವಾಗಲೂ ಚಾಸಿ ಸಂಖ್ಯೆ ತೋರಿಸೆಂದು ಕೇಳುವುದು, ಸಾರಿಗೆ ಕಚೇರಿಗೆ ಜೊತೆಯಲ್ಲಿ ನಡೆ ಎನ್ನುವುದು ಅಪನಂಬಿಕೆಯಲ್ಲ. ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡಿದರೆ ಮಾರುವವನು ಮುನಿಯುವುದಿಲ್ಲ. ನೋಡದೆ ಕೊಂಡವನನ್ನು ಕಂಡು ನಗುತ್ತಾನೆ. ಪರೀಕ್ಷಿಸಿ ಕೊಂಡ ವಾಹನ ಕೊಂಡವನನ್ನೂ, ಹೆಸರು ಬದಲಾಯಿಸಿ ಕೊಟ್ಟ ವಾಹನ ಮಾರಿದವನನ್ನೂ ಕಾಯುತ್ತದೆ.