ಮೂಕಜೀವಿಗಳ ಋಣ



ಮೊನ್ನೆ ಭಕ್ತರೊಬ್ಬರ ಮಗಳು ಮಠಕ್ಕೆ ಬಂದಿದ್ದಳು. ಔಷಧಶಾಸ್ತ್ರವನ್ನು ಓದುತ್ತಿರುವ ಹುಡುಗಿ. ನಮಸ್ಕಾರ ಮಾಡಿ, ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದು, ಆಮೇಲೆ ಕೇಳಿದಳು: "ಬುದ್ಧೀ, ಹೊಸ ಔಷಧವನ್ನು ಮನುಷ್ಯರಿಗೆ ಕೊಡುವ ಮೊದಲು ಇಲಿ, ಮೊಲ, ನಾಯಿಗಳಿಗೆ ಕೊಟ್ಟು ನೋಡುತ್ತಾರೆ. ಪರೀಕ್ಷೆ ಮುಗಿದ ಮೇಲೆ ಬಹಳ ಸಲ ಅವುಗಳ ಪ್ರಾಣವನ್ನೇ ತೆಗೆಯುತ್ತಾರೆ. ನಾಳೆ ನಾನೂ ಆ ಕೆಲಸ ಮಾಡಬೇಕಾದೀತು. ಇದು ಪಾಪವಲ್ಲವೇ?"

ನಾವು ಕೂಡಲೇ ಉತ್ತರ ಕೊಡಲಿಲ್ಲ. ಅಂದು ಬೆಳಿಗ್ಗೆ ಪೂಜೆ ಮುಗಿಸಿ, ಪ್ರಸಾದಕ್ಕೆ ಮುನ್ನ, ನಾವೂ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದ್ದೆವು. ಮಾತ್ರೆ ನುಂಗಿದ ಬಾಯಿಂದಲೇ ಪಾಪವೆಂದು ಹೇಳುವುದು ಹೇಗೆ? ಈ ಕಾಯಿಲೆಗೆ ಇನ್ಸುಲಿನ್ ಎಂಬ ಔಷಧ ದೊರೆತದ್ದು 1921ರಲ್ಲಿ, ಕೆನಡಾದ ಟೊರಾಂಟೊ ನಗರದಲ್ಲಿ. ಬ್ಯಾಂಟಿಂಗ್, ಬೆಸ್ಟ್ ಎಂಬಿಬ್ಬರು ನಾಯಿಗಳ ಮೇಲೆ ಪ್ರಯೋಗ ಮಾಡಿ ಅದನ್ನು ಕಂಡುಕೊಂಡರು. ಮರುವರ್ಷ ಜನವರಿಯಲ್ಲಿ, ಸಾವಿನ ಅಂಚಿನಲ್ಲಿದ್ದ 14 ವರ್ಷದ ಹುಡುಗನೊಬ್ಬ ಅದರಿಂದ ಬದುಕಿಕೊಂಡ. ಅಂದಿನಿಂದ ಇಂದಿನವರೆಗೆ ಬದುಕಿದವರೆಲ್ಲರೂ ಆ ನಾಯಿಗಳಿಗೆ ಋಣಿಗಳು. ದೇವಋಣ, ಋಷಿಋಣ, ಪಿತೃಋಣ ಎಂದು ಹಿರಿಯರು ಹೇಳಿದರು. ಈ ಮೂಕಜೀವಿಗಳ ಋಣವನ್ನೂ ನಾವು ಲೆಕ್ಕಕ್ಕೆ ಸೇರಿಸಬೇಕು.

ಔಷಧವನ್ನು ಮೊದಲು ಪರೀಕ್ಷಿಸಬೇಕೆಂಬ ಕಟ್ಟಳೆ ಹುಟ್ಟಿದ್ದೂ ದಯೆಯಿಂದಲೇ. 1937ರಲ್ಲಿ ಅಮೆರಿಕ ದೇಶದಲ್ಲಿ ಗಂಟಲುಬೇನೆಗೆಂದು ಒಂದು ಸಿಹಿ ಔಷಧವನ್ನು ಮಾರಿದರು. ಅದನ್ನು ಕರಗಿಸಿದ ದ್ರವವೇ ವಿಷವಾಗಿತ್ತು. ಯಾರೂ ಪರೀಕ್ಷಿಸಿರಲಿಲ್ಲ, ಪರೀಕ್ಷಿಸಬೇಕೆಂಬ ಕಾನೂನೂ ಇರಲಿಲ್ಲ. ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಎಳೆಯ ಮಕ್ಕಳೂ ಅನೇಕರು. ತಾಯಿಯೇ ಕೈಯಾರೆ ಕುಡಿಸಿದ ಔಷಧ! ಆ ಗೋಳನ್ನು ಕಂಡ ಮೇಲೆ 1938ರಲ್ಲಿ, ನಿರಪಾಯವೆಂದು ತೋರಿಸದೆ ಔಷಧವನ್ನು ಮಾರಕೂಡದೆಂಬ ಕಾಯಿದೆ ಬಂದಿತು. ತೋರಿಸುವ ಬಗೆಯೇನು? ಮೊದಲು ಪ್ರಾಣಿಗೆ ಕೊಟ್ಟು ನೋಡುವುದು. ಮುಂದೆ ಲೋಕದ ದೇಶಗಳಲ್ಲೆಲ್ಲ ಅದೇ ರೂಢಿಯಾಯಿತು. ಆದ್ದರಿಂದ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುವವರನ್ನು ಕಟುಕರೆಂದು ಜರಿಯುವುದು ನ್ಯಾಯವಲ್ಲ. ಮಗುವಿನ ಮೇಲಣ ದಯೆ ಒಂದು ಕಡೆ, ಇಲಿಯ ಮೇಲಣ ದಯೆ ಇನ್ನೊಂದು ಕಡೆ. ಎರಡೂ ದಯೆಯೇ. ಹುಡುಗಿಯ ಪ್ರಶ್ನೆ ಕಠಿಣವಾದದ್ದು ಇದರಿಂದ.

ನಾವು ಪಾಠಶಾಲೆಯಲ್ಲಿ ಓದುವಾಗ ಗುರುಗಳು ಸ್ಥಾಲೀಪುಲಾಕ ನ್ಯಾಯವನ್ನು ಹೇಳಿಕೊಡುತ್ತಿದ್ದರು. ಸ್ಥಾಲೀ ಎಂದರೆ ಅನ್ನ ಬೇಯುವ ಪಾತ್ರೆ, ಪುಲಾಕ ಎಂದರೆ ಅಗುಳು. ಅನ್ನ ಬೆಂದಿದೆಯೇ ಎಂದು ತಿಳಿಯಲು ಪಾತ್ರೆಯನ್ನೆಲ್ಲ ಬರಿದು ಮಾಡಬೇಕಿಲ್ಲ, ಒಂದು ಅಗುಳು ಹಿಚುಕಿದರೆ ಸಾಕು. ತಾಯಂದಿರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಆ ಅಗುಳು ಅದೇ ಪಾತ್ರೆಯದಾಗಿರಬೇಕು. ನೆರೆಮನೆಯ ಅಗುಳನ್ನು ಹಿಚುಕಿ ನಮ್ಮನೆಯ ಅನ್ನ ಬೆಂದಿತೆಂದರೆ ನಗುತ್ತೀರಿ. ಇಲಿಯೂ ಕೋತಿಯೂ ನಮಗೆ ನೆರೆಮನೆಯ ಅಗುಳುಗಳು. ಎಷ್ಟೋ ಸಲ ಹೊಂದುತ್ತವೆ, ಕೆಲವು ಸಲ ಹೊಂದುವುದಿಲ್ಲ. 2006ರಲ್ಲಿ ಲಂಡನ್ನಿನಲ್ಲಿ ಹೀಗಾಯಿತು. ಕೋತಿಗಳು ತಡೆದುಕೊಂಡ ಪ್ರಮಾಣದ 500ರಲ್ಲಿ ಒಂದು ಪಾಲು ಔಷಧವನ್ನು 6 ಮಂದಿ ಆರೋಗ್ಯವಂತರಿಗೆ ಕೊಟ್ಟರು. ಕೆಲವೇ ಗಂಟೆಗಳಲ್ಲಿ ಆರೂ ಮಂದಿ ಪ್ರಾಣಾಪಾಯಕ್ಕೆ ಸಿಲುಕಿದರು. ವೈದ್ಯರ ಪ್ರಯತ್ನದಿಂದ ಜೀವ ಉಳಿಯಿತು. ಕೋತಿ ಸುಳ್ಳು ಹೇಳಲಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಅದರ ದೇಹದಲ್ಲಿ ಇರಲಿಲ್ಲ.

ಹಾಗಾದರೆ ಅದೇ ಪಾತ್ರೆಯ ಅಗುಳು ಎಲ್ಲಿ ಸಿಕ್ಕೀತು? ಮನುಷ್ಯನ ದೇಹದ ಜೀವಕೋಶಗಳನ್ನೇ ಹೊರಗೆ ಬೆಳೆಸುವ ವಿದ್ಯೆ ಈಗ ಮುಂದುವರಿದಿದೆ. 2010ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದವರು ಬೆರಳುದ್ದದ ಒಂದು ಪಾರದರ್ಶಕ ತುಣುಕನ್ನು ಮಾಡಿದರು. ಅದರೊಳಗೆ ಒಂದು ತೆಳುಪೊರೆ. ಮೇಲುಗಡೆ ಶ್ವಾಸಕೋಶದ ಕಣಗಳು ಮತ್ತು ಗಾಳಿ, ಕೆಳಗಡೆ ರಕ್ತನಾಳದ ಕಣಗಳು ಮತ್ತು ರಕ್ತದಂತೆ ಹರಿಯುವ ದ್ರವ. ಪೊರೆ ಹಿಗ್ಗಿ ಕುಗ್ಗುತ್ತ ಉಸಿರಾಡುತ್ತದೆ! ಯಕೃತ್ತಿಗೂ ಇಂಥದೇ ತುಣುಕನ್ನು ಮಾಡಿದರು. 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದಕ್ಕೆ 27 ಔಷಧಗಳನ್ನು ಒಡ್ಡಿದಾಗ, ಯಕೃತ್ತಿಗೆ ಹಾನಿ ಮಾಡುವವುಗಳಲ್ಲಿ ನೂರಕ್ಕೆ 87ರಷ್ಟನ್ನು ಅದು ಗುರುತಿಸಿತು. ನಿರಪಾಯವಾದ ಒಂದನ್ನೂ ತಪ್ಪಾಗಿ ದೂರಲಿಲ್ಲ. ಉಳಿದವನ್ನು ಗುರುತಿಸಲಾರದೆ ಹೋಯಿತು ಎಂಬುದನ್ನೂ ನೆನಪಿಡಬೇಕು. ಇಡೀ ದೇಹ ಒಂದು ತುಣುಕಿನಲ್ಲಿ ಅಡಗುವುದಿಲ್ಲ.

ಅಮೆರಿಕದಲ್ಲಿ 2022ರ ಡಿಸೆಂಬರ್ 29ರಂದು ಅಧ್ಯಕ್ಷರ ಸಹಿಯಾದ ಶಾಸನ ಈ ಹೊಸ ವಿದ್ಯೆಗೆ ಬಾಗಿಲು ತೆರೆಯಿತು. ಅದು ಪ್ರಾಣಿಪರೀಕ್ಷೆಯನ್ನು ನಿಷೇಧಿಸಲಿಲ್ಲ. ಪ್ರಾಣಿಗಳ ಮೇಲೆಯೇ ಮಾಡಿ ತೋರಿಸಬೇಕೆಂಬ ಕಟ್ಟನ್ನು ಸಡಿಲಿಸಿ, ಜೀವಕೋಶ, ಅಂಗದ ತುಣುಕು, ಗಣಕಯಂತ್ರದ ಲೆಕ್ಕಾಚಾರ ಇವುಗಳನ್ನೂ ಪ್ರಮಾಣವಾಗಿ ಒಪ್ಪಬಹುದೆಂದಿತು. 2025ರ ಏಪ್ರಿಲ್‌ನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ, ಲಂಡನ್ನಿನಲ್ಲಿ ಅನಾಹುತ ಮಾಡಿದ ಬಗೆಯ ಔಷಧಗಳಿಂದಲೇ ಮೊದಲುಮಾಡಿ, ಪ್ರಾಣಿಪರೀಕ್ಷೆಯನ್ನು ಹಂತಹಂತವಾಗಿ ತಗ್ಗಿಸುವ ಯೋಜನೆಯನ್ನು ಪ್ರಕಟಿಸಿತು. ನಮ್ಮ ದೇಶವೂ ಹಿಂದೆ ಬಿದ್ದಿಲ್ಲ. 2023ರ ಮಾರ್ಚ್‌ನಲ್ಲಿ ಭಾರತ ಸರ್ಕಾರವು ಹೊಸ ಔಷಧಗಳ ನಿಯಮಗಳನ್ನು ತಿದ್ದಿ ಇಂಥ ಮಾರ್ಗಗಳಿಗೆ ಅವಕಾಶ ಕೊಟ್ಟಿತು. ಸಾಧ್ಯವಿರುವೆಡೆ ಪ್ರಾಣಿಗಳ ಮೇಲಿನ ಪ್ರಯೋಗವನ್ನು ಬಿಡಬೇಕೆಂಬ ಆಶಯ ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲೇ ಇದೆ.

ಬಂಧುಗಳೇ, ಇದರ ತಿರುಳನ್ನು ಗಮನಿಸಿ. "ನಿರ್ವಾಹವಿಲ್ಲ" ಎಂಬುದು ಬಹಳ ನೆರಳು ಕೊಡುವ ಮಾತು. ಅದರ ಕೆಳಗೆ ನಿಂತವನಿಗೆ ಮನಸ್ಸಾಕ್ಷಿಯ ಬಿಸಿಲು ತಟ್ಟುವುದಿಲ್ಲ. ಕಾನೂನೇ ಒತ್ತಾಯ ಮಾಡುತ್ತಿದ್ದಾಗ ವಿಜ್ಞಾನಿಗೆ ಆ ನೆರಳಿತ್ತು. ಇನ್ನೊಂದು ದಾರಿ ತೆರೆದಿರುವೆಡೆ ಆ ಮಾತು ಸಲ್ಲದು. ಆಮೇಲೂ ಅಭ್ಯಾಸಬಲದಿಂದಲೋ ಖರ್ಚು ಉಳಿಸಲೆಂದೋ ಒಂದು ಜೀವವನ್ನು ತೆಗೆದರೆ ಹೊಣೆ ತೆಗೆದವನದು. ಬಲಿಗೆಂದು ತಂದ ಕುರಿಯ ಸಲುವಾಗಿ ಬಸವಣ್ಣನವರು ಮರುಗಿದ್ದನ್ನು ನೀವೆಲ್ಲ ಬಲ್ಲಿರಿ. ಪಂಜರದ ಇಲಿಗೂ ತನ್ನನ್ನು ಏಕೆ ಸಾಕುತ್ತಿದ್ದಾರೆಂದು ತಿಳಿಯದು.

ಆ ಹುಡುಗಿಗೆ ಕೊನೆಗೆ ನಾವು ಹೇಳಿದ್ದಿಷ್ಟು: "ತಾಯೀ, ವಿದ್ಯೆಯನ್ನು ಬಿಡಬೇಡ. ನೀನು ಬಿಟ್ಟರೆ ಆ ಜಾಗಕ್ಕೆ ಮನಸ್ಸು ಅಳುಕದವರು ಬಂದಾರು. ಪ್ರತಿಸಲವೂ ಕೇಳು: ಬೇರೆ ದಾರಿ ಇದೆಯೇ? ಇದ್ದರೆ ಹಿಡಿ. ಇಲ್ಲದಿದ್ದರೆ ಎಷ್ಟು ಕಡಿಮೆ ಜೀವ, ಎಷ್ಟು ಕಡಿಮೆ ನೋವು ಸಾಕೆಂದು ನೋಡು. ಇಲ್ಲದ ದಾರಿಯನ್ನು ಕಂಡುಹಿಡಿಯುವುದಕ್ಕೇ ನಿನ್ನ ಓದನ್ನು ಮುಡಿಪಿಡು." ಅನುಕಂಪವೆಂದರೆ ಜೊತೆಯಲ್ಲಿ ನಡುಗುವುದು ಎಂದರ್ಥ. ಆ ನಡುಕ ನಿಲ್ಲದ ಕೈಯಲ್ಲೇ ಔಷಧವಿರಲಿ.

ನಾಳೆ ಮಾತ್ರೆ ನುಂಗುವಾಗ ನೀವೂ ಒಂದು ಗಳಿಗೆ ಆ ಜೀವಗಳನ್ನು ನೆನೆಯಿರಿ. ನಾವೂ ನೆನೆಯುತ್ತೇವೆ.

ಎಲ್ಲರಿಗೂ ಒಳಿತಾಗಲಿ.