ಈಜುಕೊಳದ ಮೀಟರು

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಾವು ಹೆಚ್ಚು ಓದಿದವರಲ್ಲ. ಮಿಡ್ಲ್ ಸ್ಕೂಲಿಗೆ ಓದು ನಿಲ್ಲಿಸಿ, ಮುಂಬಯಿಗೆ ಬಂದು, ಕಪ್ಪುಬಸಿ ತೊಳೆದು ಮೇಲೆ ಬಂದವರು. ಇಂಥವರು ಯಂತ್ರದ ವಿಷಯ ಮಾತನಾಡಲು ನಿಂತರೆ ಕೆಲವರಿಗೆ ನಗು ಬಂದೀತು. ಆದರೆ ಈ ಯಂತ್ರ ನಮ್ಮವರ ಕೈಗೇ ಬಂದಿದೆ. ದೊಡ್ಡ ಹೋಟೆಲುಗಳಲ್ಲಿ ಈಜುಕೊಳ ನೋಡಿಕೊಳ್ಳುವ ಹುಡುಗರಿಗೆ ಒಂದು ಪುಟ್ಟ ಪಿಎಚ್ ಮೀಟರು ಕೊಡುತ್ತಾರೆ. ಅದನ್ನು ಬಳಸುವ ಬಗೆಯನ್ನು ಎಷ್ಟೋ ಕಡೆ ಕಲಿಸುವುದಿಲ್ಲ. ತಪ್ಪಾದರೆ ಮೆಮೊ ಮಾತ್ರ ತಪ್ಪದೆ ಬರುತ್ತದೆ.

ಪಿಎಚ್ ಎಂದರೆ ನೀರು ಹುಳಿಯೋ ಕ್ಷಾರವೋ ಎಂದು ತಿಳಿಸುವ ಅಂಕಿ. ಗಿರಣಿಯ ಬಣ್ಣಖಾತೆಯಲ್ಲಿ ದುಡಿದ ಹಿರಿಯರಿಗೆ ಇದು ಹೊಸತಲ್ಲ. 7 ಎಂದರೆ ಎರಡೂ ಅಲ್ಲ. ಕೆಳಗಿಳಿದರೆ ಹುಳಿ, ಮೇಲೇರಿದರೆ ಕ್ಷಾರ. ಒಂದು ಅಂಕಿ ಏರಿಳಿದರೆ ಹತ್ತು ಪಟ್ಟು ವ್ಯತ್ಯಾಸ. 1909ರಲ್ಲಿ ಡೆನ್ಮಾರ್ಕಿನ ಸೋರೆನ್‌ಸೆನ್ ಎಂಬ ವಿಜ್ಞಾನಿ ಈ ಲೆಕ್ಕವನ್ನು ಕೊಟ್ಟರು. ಕೊಳದ ನೀರು 7.2ರಿಂದ 7.8ರೊಳಗೆ ಇರಬೇಕು. ಏಕೆಂದರೆ ಕ್ಲೋರಿನ್ನಿನ ರೋಗಾಣು ಕೊಲ್ಲುವ ಶಕ್ತಿ ಇದನ್ನೇ ಅವಲಂಬಿಸಿದೆ. 7.5ರಲ್ಲಿ ಅದರ ಸುಮಾರು ಅರ್ಧ ಭಾಗ ಚುರುಕಾಗಿ ಕೆಲಸ ಮಾಡುತ್ತದೆ. 8ಕ್ಕೆ ಏರಿದರೆ ಸುಮಾರು ಕಾಲು ಭಾಗ ಮಾತ್ರ.

ಇನ್ನು ನಮ್ಮ ಕಣ್ಣೆದುರೇ ನಡೆದ ಸಂಗತಿ. ಹೋಟೆಲಿನ ಹೆಸರು ಬೇಡ. ಅಲ್ಲಿ ಕೊಳದ ಕೆಲಸ ಒಬ್ಬ ಹುಡುಗನದು. ಒಂದು ಬೆಳಿಗ್ಗೆ ಮೀಟರು 7.0 ತೋರಿಸಿತು. ಕಡಿಮೆಯಾಯಿತೆಂದು ಅವನು ಸೋಡಾ ಹಾಕಿದ. ಮರುದಿನವೂ 7.0, ಮತ್ತೆ ಸೋಡಾ. ವಾರವಿಡೀ ಇದೇ ನಡೆಯಿತು. ನೀರು ಅಕ್ಕಿ ತೊಳೆದ ನೀರಿನಂತಾಯಿತು. ಗಿರಾಕಿಗಳು ಕಣ್ಣುರಿಯೆಂದು ದೂರಿದರು. "ಮೀಟರು ಸರಿ ಇದೆ, ನೀನೇ ಸರಿಯಿಲ್ಲ" ಎಂದು ಮ್ಯಾನೇಜರರು ಮೂರು ದಿನದ ಪಗಾರ ಕತ್ತರಿಸಿದರು.

ಆ ರಾತ್ರಿ ಹುಡುಗ ಅಡಿಗೆಮನೆಗೆ ಬಂದು ಅತ್ತ. ಹಿರಿಯ ಭಟ್ಟರು ಎಲ್ಲವನ್ನೂ ಕೇಳಿ, ಲಿಂಬೆಹಣ್ಣು ಹಿಂಡಿ ಲೋಟ ಮುಂದಿಟ್ಟು, "ಇದಕ್ಕೆ ಅದ್ದಿ ನೋಡು ಮಾರಾಯ" ಎಂದರು. ಲಿಂಬೆರಸ 2ರ ಆಸುಪಾಸಿನಲ್ಲಿ ಬರಬೇಕು. ಮೀಟರು 7.0 ಎಂದಿತು! ಅದರ ತುದಿಯ ಗಾಜಿನ ಗುಂಡು ಬಿರಿದಿತ್ತು. ಗಾಜು ಬಿರಿದ ಮೀಟರು ಯಾವುದಕ್ಕೆ ಅದ್ದಿದರೂ 7ರ ಸುತ್ತಲೇ ತೋರಿಸುತ್ತದೆ. 1934ರಲ್ಲಿ ಅಮೆರಿಕದ ಆರ್ನಾಲ್ಡ್ ಬೆಕ್‌ಮನ್ನರು ಇಂದಿನ ಮೀಟರಿಗೆ ಮೂಲವಾದ ಯಂತ್ರವನ್ನು ಕಟ್ಟಿದ್ದೇ ಲಿಂಬೆರಸದ ಹುಳಿ ಅಳೆಯಲು ಎಂದು ಆಮೇಲೆ ತಿಳಿದೆವು. ಭಟ್ಟರಿಗೆ ಅದು ಗೊತ್ತಿರಲಿಲ್ಲ; ಹುಳಿ ಗೊತ್ತಿತ್ತು.

ಮರುದಿನ ನಾವು ನಾಲ್ಕು ಜನ ಅದೇ ಲೋಟ ಹಿಡಿದು ಮ್ಯಾನೇಜರರ ಮುಂದೆ ನಿಂತೆವು. ಮೀಟರು ಬದಲಾಯಿತು. ಕತ್ತರಿಸಿದ ಪಗಾರ ಮಾತ್ರ ಬರಲಿಲ್ಲ. ಏಕೆ? ಆ ವಾರದ ಲೆಕ್ಕವನ್ನು ನಾವು ಎಲ್ಲಿಯೂ ಬರೆದಿಟ್ಟಿರಲಿಲ್ಲ.

ಆದುದರಿಂದ ಕೆಲವು ಮಾತುಗಳನ್ನು ನೆನಪಿಡಿ.

ಒಂದು: ತಕ್ಕಡಿಯನ್ನು ಮುದ್ರೆಯ ತೂಕದ ಕಲ್ಲಿಟ್ಟು ನೋಡುವಂತೆ, ಮೀಟರನ್ನು ವಾರಕ್ಕೊಮ್ಮೆಯಾದರೂ ಬಫರ್ ದ್ರಾವಣದಲ್ಲಿ ಪರೀಕ್ಷಿಸಬೇಕು. ಮೊದಲು 7ರ ದ್ರಾವಣ. ತೊಳೆದು, ಆಮೇಲೆ 10ರದು. ಅಂಕಿ ನಿಲ್ಲುವ ತನಕ ಕಾದು ಗುಂಡಿ ಒತ್ತಬೇಕು. ಬಳಸಿದ ದ್ರಾವಣವನ್ನು ಚೆಲ್ಲಿ. ತಿರುಗಿ ಬಾಟ್ಲಿಗೆ ಹೊಯ್ಯಬೇಡಿ.

ಎರಡು: ಕಪ್ಪುಬಸಿ ಒರೆಸಿದ ಕೈ ನಮ್ಮದು. ಆ ಗಾಜಿನ ಗುಂಡನ್ನು ಹಾಗೆ ಉಜ್ಜಬೇಡಿ. ಶುದ್ಧ ನೀರಿನಲ್ಲಿ ತೊಳೆದು, ಮೆದು ಕಾಗದಕ್ಕೆ ಒತ್ತಿ ತೇವ ತೆಗೆಯಿರಿ.

ಮೂರು: ಗುಂಡು ಒಣಗಕೂಡದು. ಮುಚ್ಚಳದಲ್ಲಿ ಪೊಟ್ಯಾಸಿಯಂ ಕ್ಲೋರೈಡಿನ ದ್ರಾವಣ ನಾಲ್ಕು ಹನಿ ಇರಲಿ. ಡಿಸ್ಟಿಲ್ಡ್ ನೀರು ಬೇಡ. ಎಷ್ಟು ಜೋಪಾನ ಮಾಡಿದರೂ ಒಂದೆರಡು ವರ್ಷಕ್ಕೆ ಆ ತುದಿ ಸವೆಯುತ್ತದೆ, ಬದಲಿಸಲು ಕೇಳಬೇಕು.

ನಾಲ್ಕು: ನೀರನ್ನು ಮೊಣಕೈ ಆಳದಿಂದ, ಪೈಪಿನ ಬಾಯಿಯಿಂದ ದೂರದಲ್ಲಿ ತೆಗೆಯಿರಿ. ಪಿಎಚ್ ಮೀಟರು ಕ್ಲೋರಿನ್ ಎಷ್ಟಿದೆಯೆಂದು ಹೇಳದು. ಅದಕ್ಕೆ ಬೇರೆ ಪರೀಕ್ಷೆ ಬೇಕು.

ಐದು, ಇದು ಪ್ರಾಣದ ಮಾತು: ಆಸಿಡ್ಡನ್ನೂ ಬ್ಲೀಚಿಂಗ್ ಪೌಡರನ್ನೂ ಒಂದೇ ಬಕೇಟಿನಲ್ಲಿ ಎಂದೂ ಕೂಡಿಸಬೇಡಿ. ಅದರಿಂದೇಳುವುದು ವಿಷದ ಗಾಳಿ. 1915ರ ಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಅದೇ ಕ್ಲೋರಿನ್. ಆಸಿಡ್ಡನ್ನು ನೀರಿಗೆ ಹೊಯ್ಯಬೇಕು, ನೀರನ್ನು ಆಸಿಡ್ಡಿಗಲ್ಲ.

ಕೊನೆಯದಾಗಿ, ಒಂದು ವಹಿ ಇಡಿ. ತಾರೀಖು, ಹೊತ್ತು, ಮೀಟರಿನ ಅಂಕಿ, ಹಾಕಿದ ಮದ್ದು, ಮೀಟರು ಪರೀಕ್ಷಿಸಿದ ದಿನ. ಕೆಳಗೆ ನಿಮ್ಮ ಸಹಿ, ಅದರ ಪಕ್ಕಕ್ಕೆ ಮೇಲಿನವರ ಸಹಿ. ಕನ್ನಡದಲ್ಲಿ ಬರೆದರೂ ಅಂಕಿ ಅಂಕಿಯೇ. ಬಾಯಿಮಾತಿಗೆ ಮೆಮೊ ಬರುತ್ತದೆ. ಬರೆದ ಲೆಕ್ಕಕ್ಕೆ ಉತ್ತರ ಕೊಡಬೇಕಾಗುತ್ತದೆ. ಬಫರ್ ಬಾಟ್ಲಿ, ಕೈಗವಸು, ಕನ್ನಡಕ ಕೇಳುವುದು ಭಿಕ್ಷೆಯಲ್ಲ, ಕೆಲಸದ ಹತ್ಯಾರು ಕೇಳುವುದು. ಒಬ್ಬನೇ ಕೇಳಲು ಅಂಜಿಕೆಯಾದರೆ ಸಂಘಕ್ಕೆ ಬನ್ನಿ. ಜೊತೆಗೆ ಬಂದು ಕೇಳುತ್ತೇವೆ.

ಆ ಹುಡುಗ ಈಗ ಬೇರೆ ಹೋಟೆಲಿನಲ್ಲಿ ಕೊಳದ ಕೆಲಸ ಮಾಡುತ್ತಿದ್ದಾನೆ. ಅವನ ವಹಿಯನ್ನು ನಾವು ನೋಡಿದ್ದೇವೆ. ಒಂದು ದಿನವೂ ಖಾಲಿ ಬಿಟ್ಟಿಲ್ಲ.