ಕಣಗಿನಹಾಳದಿಂದ ನಮ್ಮೂರಿಗೆ
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರುಷ ಅಂದರೆ ಒಂದು ತಲೆಮಾರು. ಸಂಘ ಸುರುವಾದಾಗ ತಾಯಿಯ ಕಂಕುಳಲ್ಲಿದ್ದ ಕೂಸುಗಳು ಇಂದು ಸದಸ್ಯರಾಗಿ ಈ ಪೆಂಡಾಲಿನಲ್ಲಿ ಕುಂತಿದ್ದಾರೆ. ಇಂಥ ದಿನ ನಮ್ಮನ್ನು ನಾವೇ ಹೊಗಳಿಕೊಂಡು ಹಾರ ಹಾಕಿಕೊಂಡರೆ ಸಾಲದು. ನಮ್ಮ ಸಹಕಾರಿ ಮನೆತನದ ಮೂಲ ಎಲ್ಲಿದೆ ಎಂದು ಒಮ್ಮೆ ತಿರುಗಿ ನೋಡಬೇಕು. ಅದಕ್ಕೇ ಇಂದು ಗದಗ ತಾಲೂಕಿನ ಕಣಗಿನಹಾಳದ ಮಾತನ್ನು ಎತ್ತಿಕೊಂಡಿದ್ದೇವೆ.

ಕಣಗಿನಹಾಳ ಪಟ್ಟಣವಲ್ಲ, ಪೇಟೆಯಲ್ಲ. ನಮ್ಮೂರಿನ ಹಾಗೆಯೇ ಮಳೆಯನ್ನೇ ನಂಬಿದ ಸೀಮೆಯ ಸಣ್ಣ ಹಳ್ಳಿ. ಆಗ ಅದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. 1876ರಿಂದ 78ರವರೆಗಿನ ಭೀಕರ ಬರ ಈ ಸೀಮೆಯ ರೈತನ ಬೆನ್ನು ಮುರಿದಿತ್ತು. ಆಮೇಲೆ 1880ರ ದಶಕದಲ್ಲಿ ಗದಗಕ್ಕೆ ರೈಲು ಬಂತು, ಹತ್ತಿಗೆ ಪೇಟೆ ಸಿಕ್ಕಿತು. ರೊಕ್ಕ ಕಣ್ಣಿಗೆ ಬಿತ್ತು, ಖರೆ. ಆದರೆ ಹತ್ತಿಯ ರೊಕ್ಕ ವರುಷಕ್ಕೊಮ್ಮೆ ಬರುವಂಥದ್ದು. ಬೀಜಕ್ಕೆ, ಎತ್ತಿಗೆ, ಮಗಳ ಮದುವೆಗೆ ಅಲ್ಲಿಯವರೆಗೆ ಯಾರ ಬಾಗಿಲಿಗೆ ಹೋಗಬೇಕು? ಸಾವುಕಾರನ ಬಾಗಿಲಿಗೇ. ಬೆಳೆ ಹೊಲದಲ್ಲಿದ್ದಾಗಲೇ ಅದರ ಲೆಕ್ಕ ಸಾವುಕಾರನ ಖಾತೆಯಲ್ಲಿ ಮುಗಿದಿರುತ್ತಿತ್ತು. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾವುಕಾರರ ಮನೆಗೆ ನುಗ್ಗಿ ಸಾಲದ ಕಾಗದಗಳನ್ನೇ ಸುಟ್ಟಿದ್ದರು. ಸರಕಾರಕ್ಕೂ ಆಗ ಬಿಸಿ ಮುಟ್ಟಿತು. ಫ್ರೆಡರಿಕ್ ನಿಕಲ್ಸನ್ ಎಂಬ ಮದ್ರಾಸ್ ಪ್ರಾಂತದ ಅಧಿಕಾರಿ, ಜರ್ಮನಿಯಲ್ಲಿ ರೈಫೈಸನ್ ಹಳ್ಳಿಗರಿಗಾಗಿ ಕಟ್ಟಿದ ಸಂಘಗಳಂಥವನ್ನು ಅಭ್ಯಾಸ ಮಾಡಿ ವರದಿ ಕೊಟ್ಟರು. ಕಡೆಗೆ 1904ರಲ್ಲಿ ಪತ್ತಿನ ಸಹಕಾರಿ ಸಂಘಗಳ ಕಾಯದೆ ಬಂತು.

ಕಾಯದೆ ಬಂದ ಮಾತ್ರಕ್ಕೆ ಸಂಘ ಹುಟ್ಟುವುದಿಲ್ಲ. ಊರಿನಲ್ಲಿ ಒಬ್ಬರು ಎದ್ದು ನಿಲ್ಲಬೇಕು. ಕಣಗಿನಹಾಳದಲ್ಲಿ ಹಾಗೆ ಎದ್ದು ನಿಂತವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. 1905ರಲ್ಲಿ ಅಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ನೋಂದಣಿಯಾಯಿತು. ಪಾಟೀಲರನ್ನು ಇಂದಿಗೂ ನಾಡು ಸಹಕಾರ ಪಿತಾಮಹರೆಂದು ನೆನೆಯುತ್ತದೆ. ಇದೇ ಮೊದಲನೆಯ ಸಂಘ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ತಮಿಳುನಾಡಿನವರು 1904ರ ತಿರೂರಿನ ಸಂಘ ಮೊದಲನೆಯದು ಅನ್ನುತ್ತಾರೆ. ಆ ವಾದ ಇಲ್ಲಿ ಬೇಡ. ಎರಡೂ ಹಳ್ಳಿಗಳೇ, ಎರಡೂ ಕಡೆ ಕೈಜೋಡಿಸಿದವರು ರೈತರೇ. ನಮಗೆ ಅಷ್ಟು ಸಾಕು.

ಆ ಕಾಯದೆಯಲ್ಲಿ ಏನಿತ್ತು, ಸ್ವಲ್ಪ ಲಕ್ಷ್ಯ ಕೊಟ್ಟು ಕೇಳಿರಿ. ಕನಿಷ್ಠ ಹತ್ತು ಜನ ಕೂಡಬೇಕು. ಗ್ರಾಮೀಣ ಸಂಘವಾದರೆ ಐದರಲ್ಲಿ ನಾಲ್ಕು ಪಾಲು ಜನ ಒಕ್ಕಲುತನದವರೇ ಇರಬೇಕು. ಲಾಭ ಬಂದರೆ ಕೂಡಲೇ ಹಂಚಿಕೊಳ್ಳುವ ಹಾಗಿಲ್ಲ, ಕಾಯ್ದಿಟ್ಟ ನಿಧಿಗೆ ಹಾಕಬೇಕು. ಎಲ್ಲಕ್ಕಿಂತ ದೊಡ್ಡ ಮಾತು ಅಪರಿಮಿತ ಹೊಣೆಗಾರಿಕೆ. ಅಂದರೆ ಸಂಘ ಮುಳುಗಿದರೆ ಸದಸ್ಯನು ತನ್ನ ಶೇರಿನ ಮಟ್ಟಿಗೆ ಅಷ್ಟೇ ಅಲ್ಲ, ತನ್ನ ಹೊಲ-ಮನೆಯ ಮಟ್ಟಿಗೂ ಹೊಣೆಗಾರ. ಈಗ ಇಂಥ ಕರಾರಿಗೆ ರುಜು ಮಾಡಿರಿ ಅಂದರೆ ನಮ್ಮಲ್ಲಿ ಎಷ್ಟು ಜನ ಮುಂದೆ ಬಂದೇವು?

ಅವರು ಹೆಂಗ ಧೈರ್ಯ ಮಾಡಿದರು? ಹಳ್ಳಿಯ ಬಾಳುವೆಯೇ ಅವರಿಗೆ ಆ ಧೈರ್ಯ ಕೊಟ್ಟಿತ್ತು ಎಂದು ನಮಗೆ ಅನಿಸುತ್ತದೆ. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂಬ ಮುಯ್ಯಾಳಿನ ಪದ್ಧತಿ ನಮ್ಮ ಹಿರಿಯರದು. ಯಾರ ಹಗೇವಿನಲ್ಲಿ ಎಷ್ಟು ಜೋಳ ಇದೆ, ಯಾರ ಎತ್ತು ಸೋತಿದೆ, ಯಾರ ಮಾತು ಗಟ್ಟಿ, ಯಾರದು ಪೊಳ್ಳು ಎಂಬುದು ಚಾವಡಿಯಲ್ಲಿ ಕುಂತವರಿಗೆ ಗೊತ್ತಿರುತ್ತಿತ್ತು. 'ಪತ್ತು' ಅಂದರೆ ಅದೇ ನೋಡ್ರಿ. ಪತ್ತು ಅಂದರೆ ರೊಕ್ಕ ಅಲ್ಲ, ಒಬ್ಬನ ಮಾತಿನ ಮೇಲೆ ಊರಿಗಿರುವ ವಿಶ್ವಾಸ.

ಅಲ್ಲಿಂದೀಚೆಗೆ ಎಷ್ಟೋ ಬದಲಾಯಿತು. 1912ರ ಕಾಯದೆ ಪತ್ತಿನ ಸಂಘಗಳಲ್ಲದೆ ಬೇರೆ ಬಗೆಯ ಸಂಘಗಳಿಗೂ ಬಾಗಿಲು ತೆರೆಯಿತು. 1956ರಲ್ಲಿ ಕನ್ನಡ ಸೀಮೆ ಒಂದಾಯಿತು, 1959ರಲ್ಲಿ ನಮ್ಮದೇ ರಾಜ್ಯದ ಸಹಕಾರ ಕಾಯದೆ ಬಂತು. 1997ರಲ್ಲಿ ಗದಗ ಸ್ವತಂತ್ರ ಜಿಲ್ಲೆಯೂ ಆಯಿತು. ಹೊಣೆಗಾರಿಕೆಗೆ ಈಗ ಮಿತಿ ಇದೆ, ಬೆಳೆಸಾಲಕ್ಕೆ ಬಡ್ಡಿಯ ರಿಯಾಯಿತಿಯೂ ಇದೆ. ಅನುಕೂಲ ಹೆಚ್ಚಾದವು. ಪತ್ತು ಹೆಚ್ಚಾಯಿತೇ?

ನಮ್ಮ ಸಂಘದ ಮಾತನ್ನೇ ಹೇಳುತ್ತೇವೆ. 2001ರಿಂದ ಮೂರು ವರುಷ ನಾಡಿಗೆ ಬರ ಬಿತ್ತು. ಸಂಘ ಆಗಿನ್ನೂ ಹಸುಗೂಸು. ವಸೂಲಿ ನಿಂತಿತು, ಬೀಗ ಹಾಕುವ ಮಾತೂ ಬಂತು. ಆಗ ಈ ಊರಿನ ತಾಯಂದಿರು ಎಮ್ಮೆಯ ಹಾಲು ಮಾರಿ ಬಂದ ಹಣದಲ್ಲಿ ಸ್ವಲ್ಪ ಸ್ವಲ್ಪವೇ ಕಂತು ತುಂಬಿದರು. ಅವರಲ್ಲಿ ಹೆಚ್ಚಿನವರು ಆಗ ಸದಸ್ಯರೂ ಆಗಿರಲಿಲ್ಲ. ಗಂಡನ ಹೆಸರಿನ ಸಾಲಕ್ಕೆ ಅವರು ಹೊಣೆಯಾದರು. ಸಂಘ ಉಳಿದದ್ದು ಹಾಗೆ.

ಮುಂದೆ 2017ರಲ್ಲಿ, 2018ರಲ್ಲಿ ಸರಕಾರ ಸಾಲ ಮನ್ನಾ ಮಾಡಿತು. ಕಷ್ಟದಲ್ಲಿದ್ದವರಿಗೆ ಉಸಿರು ಬಂತು, ಅದನ್ನು ನಾವು ತೆಗಳುವುದಿಲ್ಲ. ಆದರೆ ಅದಕ್ಕೂ ಮೊದಲೇ ಬಾಕಿ ತೀರಿಸಿದ್ದ ನಮ್ಮೂರ ಹಿರಿಯರೊಬ್ಬರನ್ನು ಚಹಾದಂಗಡಿಯ ಮುಂದೆ ಕೆಲವರು ನಕ್ಕರು. "ಏನ್ ಕಾಕಾ, ಅವಸರ ಮಾಡಿ ಕೆಟ್ಟಿರಿ" ಅಂದರು. ಕಾಕಾ ಹೇಳಿದ್ದು ಇಷ್ಟೇ: "ತಮ್ಮಾ, ನಾ ಸರಕಾರಕ್ಕ ತುಂಬಿಲ್ಲ. ನನಗ ಜಾಮೀನು ನಿಂತಾವನ ಮಾರಿ ನೋಡಿ ತುಂಬೇನಿ." ಕಣಗಿನಹಾಳದಲ್ಲಿ ರುಜು ಹಾಕಿದವರ ಮನಸ್ಸು ಇದೇ ಇದ್ದೀತು. ಅಂದು ನಕ್ಕವರ ಜೊತೆ ನಾವೂ ಕೆಲವರು ಸುಮ್ಮನೆ ನಿಂತಿದ್ದೆವು. ಅದನ್ನು ಈ ದಿನ ಒಪ್ಪಿಕೊಳ್ಳಬೇಕು.

ಆದ್ದರಿಂದ ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಮೂರು. ವಾರ್ಷಿಕ ಮಹಾಸಭೆಗೆ ಬರಲಿ ಅನ್ನುವುದು ಮೊದಲನೆಯದು. ಸಭೆಗೆ ಬಂದು ಲೆಕ್ಕ ಕೇಳಿರಿ, ಕೇಳಿದರೆ ಯಾರೂ ಸಿಟ್ಟಾಗಬಾರದು. ಎರಡನೆಯದು, ಜಾಮೀನು ರುಜು ಮಾಡುವಾಗ ಮುಲಾಜಿಗೆ ಬೀಳದೆ ಮನುಷ್ಯನನ್ನು ನೋಡಿ ಮಾಡಿರಿ. ಮಾಡಿದ ಮೇಲೆ ಅವನ ಕಷ್ಟದಲ್ಲಿ ಬಾಗಿಲು ಮುಚ್ಚಬೇಡಿರಿ. ಮೂರನೆಯದು, ಬರಗಾಲದಲ್ಲಿ ಸಂಘ ಉಳಿಸಿದ ತಾಯಂದಿರನ್ನು, ಅವರ ಹೆಣ್ಣುಮಕ್ಕಳನ್ನು ಸದಸ್ಯರನ್ನಾಗಿ ಮಾಡಿರಿ.

ಗೋಡೆಗೆ ಸುಣ್ಣ ಬಳಿಯುವುದು ಸುಲಭ, ಪತ್ತು ಕಾಯುವುದು ಕಠಿಣ. ಅದನ್ನು ಕಾಯ್ದರೆ ಇಂದು ಕಂಕುಳಲ್ಲಿರುವ ಕೂಸುಗಳು ಈ ಸಂಘದ ಸುವರ್ಣ ಮಹೋತ್ಸವ ಮಾಡಿಯಾರು.



ಜೈ ಸಹಕಾರ!